ಯಂತ್ರ ಕೊಂಡವರಿಗೆ ಅದನ್ನು ರಿಪೇರಿ ಮಾಡಿಸುವ ಹಕ್ಕು

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಕಾರ್ತಿ ಬೆಳೆಯ ಭತ್ತದ ಬೇಸಾಯವು ಈಗ ಹೆಚ್ಚಾಗಿ ಯಂತ್ರಗಳನ್ನೇ ಅವಲಂಬಿಸಿದೆ. ಹೂಟಿಗೆ ಪವರ್ ಟಿಲ್ಲರ್ ಇಲ್ಲವೆ ಟ್ರ್ಯಾಕ್ಟರ್, ನಾಟಿಗೆ ನಾಟಿ ಯಂತ್ರ, ಕೊಯ್ಲಿಗೆ ಘಟ್ಟದ ಮೇಲಿನಿಂದಲೋ ತಮಿಳುನಾಡಿನಿಂದಲೋ ಬರುವ ಕಟಾವು ಯಂತ್ರ. ಹಟ್ಟಿಯಲ್ಲಿ ಹೂಟಿಯ ಕೋಣ ಕಟ್ಟಿಕೊಂಡಿರುವ ಮನೆ ವಿರಳವಾಗಿದೆ. ಯಂತ್ರ ಬಂದುದರಿಂದ ಆಳಿನ ಕೊರತೆ ಒಂದಿಷ್ಟು ನೀಗಿದೆ. ಹಡಿಲು ಬಿದ್ದಿದ್ದ ಕೆಲವು ಗದ್ದೆಗಳು ಮತ್ತೆ ಹಸುರಾಗಿವೆ. ಆದರೆ ಕೋಣ ಕುಂಟಿದರೆ ಏನು ಮಾಡಬೇಕೆಂಬುದು ಮನೆಯ ಹಿರಿಯರಿಗೆ ತಿಳಿದಿತ್ತು. ಯಂತ್ರ ಕೆಟ್ಟು ನಿಂತರೆ ಅದನ್ನು ಬಿಚ್ಚಲು ತಮಗೆ ಅಧಿಕಾರವಿದೆಯೇ ಇಲ್ಲವೇ ಎಂಬುದೇ ಇಂದು ಅನೇಕ ರೈತರಿಗೆ ಸಂಶಯ.

ನಾನು ಬೇಸಾಯಶಾಸ್ತ್ರದವನು. ಕಾನೂನು ಓದಿದವನಲ್ಲ, ಇಂಜಿನಿಯರನೂ ಅಲ್ಲ. ಈ ವಿಷಯದ ಬೆನ್ನು ಹತ್ತುವಂತೆ ಮಾಡಿದ್ದು ಕೋಟ ಹೋಬಳಿಯ ಒಂದು ಬೈಲು ಗದ್ದೆ. ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಕೊನೆಯ ವಾರ. ಚಾಪೆ ನೇಜಿಗೆ 16 ದಿನ ತುಂಬಿತ್ತು, ಗದ್ದೆ ಹದವಾಗಿತ್ತು. ಅರ್ಧ ಗದ್ದೆ ಮುಗಿಯುವಷ್ಟರಲ್ಲಿ ಯಂತ್ರದ ಒಂದು ನಾಟಿ ತೋಳು ಕರಕರ ಸದ್ದು ಮಾಡಿ ನಿಂತುಹೋಯಿತು. ಯಂತ್ರ ಮಾರಿದವರಿಗೆ ಫೋನು ಮಾಡಿದಾಗ ಬಂದ ಉತ್ತರ: ವಾರಂಟಿ ಇನ್ನೂ ಇದೆ, ಹೊರಗಿನವರು ಮುಟ್ಟಿದರೆ ಅದು ರದ್ದಾಗುತ್ತದೆ, ನಮ್ಮ ಮೆಕ್ಯಾನಿಕ್ ಬರುವವರೆಗೆ ಕಾಯಿರಿ. ಮೆಕ್ಯಾನಿಕ್ ಘಟ್ಟದ ಮೇಲೆ ಬೇರೆ ಕೆಲಸದಲ್ಲಿದ್ದರು. ಅವರು ಬಂದದ್ದು ಹನ್ನೆರಡನೆಯ ದಿನ. ತೋಳಿನ ಮುಚ್ಚಳ ಬಿಚ್ಚಿ ಪುಡಿಯಾದ ಒಂದು ಬೇರಿಂಗ್ ಹೊರತೆಗೆದರು. ಒರೆಸಿ ನೋಡಿದರೆ ಅದರ ಅಂಚಿನಲ್ಲಿ ಅಚ್ಚಾಗಿದ್ದುದು ಕುಂದಾಪುರದ ಯಾವ ಬೇರಿಂಗ್ ಅಂಗಡಿಯಲ್ಲಿಯೂ ಸಿಗುವ ಸಾಮಾನ್ಯ ನಂಬರು. ಬದಲಾಯಿಸಲು ಹಿಡಿದದ್ದು ಒಂದೂವರೆ ಗಂಟೆ.

ಆ ರೈತರು ಅಂದು ನನ್ನನ್ನು ಕೇಳಿದ ಮಾತು ಹೀಗಿತ್ತು: “ದುಡ್ಡ್ ಕೊಟ್ಟ್ ತಂದದ್ ನಾನ್. ಮುಚ್ಳ ತೆಗುಕೆ ಅವ್ರ್ ಅಪ್ಪಣೆ ಬೇಕಾ ಮಾರಾಯ್ರೆ?” ಸರಿಯಾದ ಉತ್ತರ ಆ ದಿನ ನನ್ನಲ್ಲಿ ಇರಲಿಲ್ಲ. ಆ ಮೇಲೆ ಓದಿ, ತಿಳಿದವರನ್ನು ಕೇಳಿ ಕಂಡುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹನ್ನೆರಡು ದಿನಗಳ ಬೆಲೆ

ಇದನ್ನು ಬೇಸಾಯಶಾಸ್ತ್ರಜ್ಞ ಏಕೆ ಬರೆಯಬೇಕು ಎಂದು ನೀವು ಕೇಳಬಹುದು. ಕಾರಣವಿದೆ. ಕೈ ನಾಟಿಯಲ್ಲಿ ಬೆಳೆಯ ಅವಧಿ ಎಷ್ಟು ತಿಂಗಳೋ ಅಷ್ಟು ವಾರದ ನೇಜಿ ಇರಬೇಕೆಂಬುದು ಹಳೆಯ ಲೆಕ್ಕ. ನಾಲ್ಕು ತಿಂಗಳಿಗೆ ಬರುವ ತಳಿಗೆ ನಾಲ್ಕು ವಾರದ ನೇಜಿ. ಎರಡು ಮೂರು ದಿನ ಹೆಚ್ಚು ಕಡಿಮೆಯಾದರೂ ನಡೆಯುತ್ತದೆ, ಏಕೆಂದರೆ ಅಲ್ಲಿ ಬೀಜವನ್ನು ಸಸಿಮಡಿಯಲ್ಲಿ ತೆಳುವಾಗಿ ಚೆಲ್ಲಿರುತ್ತೇವೆ. ಚಾಪೆ ನೇಜಿಯ ಮಾತು ಬೇರೆ. ಎರಡು ಸೆಂಟಿಮೀಟರ್ ದಪ್ಪದ ಮಣ್ಣಿನಲ್ಲಿ ಬೀಜವನ್ನು ಒತ್ತೊತ್ತಾಗಿ ಹಾಕಿರುತ್ತೇವೆ. 15ರಿಂದ 18 ದಿನಗಳಲ್ಲಿ, ಮೂರು ನಾಲ್ಕು ಎಲೆ ಬಂದಾಗ, ಅದನ್ನು ಗದ್ದೆಗೆ ಇಳಿಸತಕ್ಕದ್ದು. ಅದಕ್ಕಿಂತ ತಡವಾದರೆ ಮಣ್ಣಿನ ಸಾರ ಮುಗಿದು ಎಲೆ ಹಳದಿಯಾಗುತ್ತದೆ. ಸಸಿ ಸಪೂರಾಗಿ ಉದ್ದವಾಗುತ್ತದೆ. ಬೇರು ಒಂದಕ್ಕೊಂದು ಹೆಣೆದುಕೊಂಡು ಯಂತ್ರದ ಕೊಕ್ಕೆ ಸಸಿಯನ್ನು ಸರಿಯಾಗಿ ಬಿಡಿಸಲಾರದು. ಒಂದು ಕಡೆ ಹತ್ತು ಸಸಿ ಬಿದ್ದರೆ ಮುಂದಿನ ಮೂರು ಗುಣಿ ಖಾಲಿ. ನೆಟ್ಟ ಮೇಲೂ ಬಲಿತ ಸಸಿಯಲ್ಲಿ ತೆಂಡೆ ಒಡೆಯುವುದು ಕಡಿಮೆ.

ಅಷ್ಟೇ ಅಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಾಟಿ ಹನ್ನೆರಡು ದಿನ ಹಿಂದೆ ಬಿದ್ದರೆ ಕೊಯ್ಲೂ ಹಿಂದೆ ಬೀಳುತ್ತದೆ, ಅದರ ಹಿಂದೆ ಬರುವ ಉದ್ದು, ನೆಲಗಡಲೆಗೆ ಮಣ್ಣಿನ ತೇವ ಸಾಲದಾಗುತ್ತದೆ. ಕೊಯ್ಲಿನ ಹೊತ್ತಿನಲ್ಲಿ ಕಟಾವು ಯಂತ್ರ ಕೆಟ್ಟರಂತೂ ಅಕ್ಟೋಬರ್ ಮಳೆಗೆ ಮಲಗಿದ ಪೈರಿನ ತೆನೆಯಲ್ಲೇ ಭತ್ತ ಮೊಳೆಯುತ್ತದೆ. ಕಾರು ಹನ್ನೆರಡು ದಿನ ಗ್ಯಾರೇಜಿನಲ್ಲಿ ನಿಂತರೆ ಮಾಲೀಕ ಬಸ್ಸಿನಲ್ಲಿ ಹೋಗಬಹುದು. ನೇಜಿಗೆ ಬಸ್ಸಿಲ್ಲ.

ಕೋಟದ ಆ ರೈತರು ಉಳಿದ ಚಾಪೆಯನ್ನು ಕೈಯಲ್ಲಿ ಕಿತ್ತು, ಆಳು ಹುಡುಕಿ, ದುಬಾರಿ ಕೂಲಿ ಕೊಟ್ಟು ನೆಡಿಸಿದರು. ಮೊದಲು ನೆಟ್ಟ ಅರ್ಧಕ್ಕೂ ಆಮೇಲೆ ನೆಟ್ಟ ಅರ್ಧಕ್ಕೂ ಇದ್ದ ವ್ಯತ್ಯಾಸ ತೆನೆ ಬರುವವರೆಗೆ ಬದುವಿನ ಮೇಲೆ ನಿಂತವರಿಗೆಲ್ಲ ಕಾಣುತ್ತಿತ್ತು.

ಕಾರಿನವರು ಗೆದ್ದ ಮೊಕದ್ದಮೆ

ಇದೇ ಪ್ರಶ್ನೆಯನ್ನು ನಮಗಿಂತ ಮೊದಲು ಕಾರು ಕೊಂಡವರು ಎತ್ತಿದ್ದಾರೆ. ಅವರ ಕಥೆ ತಿಳಿದರೆ ನಮ್ಮ ಪ್ರಶ್ನೆ ಸುಲಭವಾಗುತ್ತದೆ.

ವ್ಯಾಪಾರದಲ್ಲಿ ಕಂಪೆನಿಗಳು ತಮ್ಮ ಬಲವನ್ನು ದುರುಪಯೋಗ ಮಾಡದಂತೆ ತಡೆಯಲು ನಮ್ಮ ದೇಶದಲ್ಲಿ 2002ರ ಸ್ಪರ್ಧಾ ಕಾಯ್ದೆ ಇದೆ. ಅದನ್ನು ನಡೆಸಲು ದೆಹಲಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗವಿದೆ. 2011ರಲ್ಲಿ ಒಬ್ಬ ಗ್ರಾಹಕರು ಈ ಆಯೋಗಕ್ಕೆ ದೂರು ಕೊಟ್ಟರು. ಕಾರು ಕಂಪೆನಿಗಳು ತಮ್ಮ ಅಸಲಿ ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಮಾರುವುದಿಲ್ಲ. ದೋಷ ಪತ್ತೆ ಹಚ್ಚುವ ಉಪಕರಣಗಳನ್ನೂ ರಿಪೇರಿಯ ಕೈಪಿಡಿಗಳನ್ನೂ ಕೊಡುವುದಿಲ್ಲ. ಹೀಗಾಗಿ ಕಾರು ಕೊಂಡವನು ಕಂಪೆನಿಯ ಅಧಿಕೃತ ಕೇಂದ್ರಕ್ಕೇ ಹೋಗಿ ಅವರು ಹೇಳಿದ ದರ ತೆರಬೇಕಾಗಿದೆ, ಎಂಬುದು ದೂರಿನ ಸಾರ. ಇದು 2011ರ 3ನೆಯ ಸಂಖ್ಯೆಯ ಪ್ರಕರಣ. ಮೊದಲು ಮೂರು ಕಂಪೆನಿಗಳ ಮೇಲಿದ್ದ ದೂರಿನ ತನಿಖೆ ಬರಬರುತ್ತ ಇತರ ಕಂಪೆನಿಗಳಿಗೂ ಹಬ್ಬಿತು.

2014ರ ಆಗಸ್ಟ್ 25ರಂದು ಆಯೋಗ ಆಜ್ಞೆ ಹೊರಡಿಸಿತು. ಮಾರುತಿ ಸುಜುಕಿ, ಟಾಟಾ ಮೋಟಾರ್ಸ್, ಮಹೀಂದ್ರಾ, ಹೋಂಡಾ, ಟೊಯೊಟಾ ಮೊದಲಾದ 14 ಕಂಪೆನಿಗಳು ಕಾಯ್ದೆಯ 3 ಮತ್ತು 4ನೆಯ ಪ್ರಕರಣಗಳನ್ನು ಉಲ್ಲಂಘಿಸಿವೆ ಎಂದು ಹೇಳಿ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು.

ಆಯೋಗದ ವಾದಸರಣಿಯನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಜೋಡಿ ಕೋಣ ಮಾರಿದವನು, ‘ಇವಕ್ಕೆ ಹುಲ್ಲನ್ನು ನನ್ನ ಬೈಹುಲ್ಲಿನ ಕುತ್ರಿಯಿಂದಲೇ ಒಯ್ಯಬೇಕು, ನೊಗವನ್ನೂ ನನ್ನಿಂದಲೇ ಕೊಳ್ಳಬೇಕು, ಮೈಗೆ ಹುಷಾರಿಲ್ಲದಿದ್ದರೆ ನಾನು ಹೇಳಿದ ವೈದ್ಯನೇ ಮುಟ್ಟಬೇಕು’ ಎಂದರೆ ಯಾರಾದರೂ ಒಪ್ಪುತ್ತಾರೆಯೇ? ಕೊಳ್ಳುವ ಮೊದಲಾದರೆ ‘ನಿನ್ನ ಕೋಣ ಬೇಡ’ ಎಂದು ಬೇರೆ ಸಂತೆಗೆ ಹೋಗಬಹುದು. ಕೊಂಡು ತಂದ ಮೇಲೆ ಮಾರಿದವನ ಕೈಗೆ ಸಿಕ್ಕಿಬಿದ್ದಂತೆ. ಕಾರಿನ ಪೇಟೆಯಲ್ಲಿ ಹತ್ತಾರು ಕಂಪೆನಿಗಳ ನಡುವೆ ಪೈಪೋಟಿ ಇದೆ, ನಿಜ. ಆದರೆ ಒಂದು ಕಾರು ಕೊಂಡ ಮೇಲೆ ಅದರ ಬಿಡಿಭಾಗಗಳ ಪೇಟೆಯಲ್ಲಿ ಆ ಕಂಪೆನಿಯೊಂದೇ ದೊರೆ. ಈ ಎರಡನೆಯ ಪೇಟೆಯ ದೊರೆತನವನ್ನು ದುರುಪಯೋಗ ಮಾಡಬಾರದು ಎಂಬುದು ಆಯೋಗದ ನಿಲುವು.

ಆಜ್ಞೆಯಲ್ಲಿ ನಮಗೆ ಅತಿ ಮುಖ್ಯವಾದುದು ವಾರಂಟಿಯ ಬಗೆಗಿನ ಮಾತು. ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿಯೇ ರದ್ದು ಎಂಬ ಸಾರಾಸಗಟು ಷರತ್ತನ್ನು ಕಂಪೆನಿಗಳು ಹಾಕಬಾರದು. ಹೊರಗಿನವರ ತಪ್ಪು ಕೆಲಸದಿಂದ ಹಾನಿಯಾಗಿದ್ದರೆ, ಆ ಹಾನಿಯ ಮಟ್ಟಿಗೆ ಮಾತ್ರ ವಾರಂಟಿಯನ್ನು ನಿರಾಕರಿಸಬಹುದು. ಬಿಡಿಭಾಗಗಳೂ ದೋಷ ಪತ್ತೆಯ ಉಪಕರಣಗಳೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯುವಂತೆ ಮಾಡಬೇಕೆಂದೂ ಆಜ್ಞೆ ಹೇಳಿತು.

ಕಂಪೆನಿಗಳು ಸುಮ್ಮನಿರಲಿಲ್ಲ. ಕೆಲವು ಉಚ್ಚ ನ್ಯಾಯಾಲಯಕ್ಕೆ ಹೋದವು, ಕೆಲವು ಮೇಲ್ಮನವಿ ನ್ಯಾಯಮಂಡಳಿಗೆ. 2016ರ ಡಿಸೆಂಬರ್‌ನಲ್ಲಿ ನ್ಯಾಯಮಂಡಳಿಯು ಟೊಯೊಟಾ, ಫೋರ್ಡ್, ನಿಸ್ಸಾನ್ ಈ ಮೂರು ಕಂಪೆನಿಗಳ ಮಟ್ಟಿಗೆ ತಪ್ಪು ನಡೆದಿದೆ ಎಂಬ ನಿರ್ಣಯವನ್ನು ಎತ್ತಿಹಿಡಿದು, ದಂಡದ ಲೆಕ್ಕವನ್ನು ಬದಲಾಯಿಸಿತು. ವ್ಯಾಜ್ಯ ಅಲ್ಲಿಂದ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿತು. ಕೋರ್ಟು ಕಚೇರಿಯ ವೇಗ ನಿಮಗೆ ಗೊತ್ತೇ ಇದೆ.

ಇಲ್ಲಿ ಒಂದು ಎಚ್ಚರಿಕೆ. ಈ ಆಜ್ಞೆ ಕಾರುಗಳದ್ದು. ಟಿಲ್ಲರ್ ಅಥವಾ ನಾಟಿ ಯಂತ್ರದ ಬಗ್ಗೆ ಅದರಲ್ಲಿ ಹೇಳಿಲ್ಲ. ‘ಆಜ್ಞೆ ಇದೆ, ಕೊಡಲೇಬೇಕು’ ಎಂದು ಡೀಲರರ ಮೇಜು ಕುಟ್ಟಿದರೆ ಪ್ರಯೋಜನವಾಗದು. ಅದರ ಹಿಂದಿರುವ ನ್ಯಾಯ ಮಾತ್ರ ಎಲ್ಲ ಯಂತ್ರಗಳಿಗೂ ಒಂದೇ.

ಕೃಷಿ ಯಂತ್ರಗಳಿಗೆ ಕಾಯ್ದೆ ಇದೆಯೇ?

ರಿಪೇರಿ ಹಕ್ಕಿನ ಕಾಯ್ದೆ ಎಂಬ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿ ಇನ್ನೂ ಆಗಿಲ್ಲ. ಆದರೆ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ಇದಕ್ಕಾಗಿ ಒಂದು ಸಮಿತಿ ರಚಿಸಿತು. ಸಮಿತಿ ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳೂ ಒಂದು. ಉಳಿದವು ಮೊಬೈಲ್ ಫೋನುಗಳು, ಮನೆಬಳಕೆಯ ಯಂತ್ರಗಳು ಮತ್ತು ಮೋಟಾರು ವಾಹನಗಳು. ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಕಂಪೆನಿಗಳ ರಿಪೇರಿ ಮತ್ತು ಬಿಡಿಭಾಗಗಳ ಮಾಹಿತಿಯನ್ನು ಒಂದೇ ಕಡೆ ಒದಗಿಸುವ ಜಾಲತಾಣವನ್ನು ತೆರೆಯಲಾಯಿತು. ಇದು ಕಂಪೆನಿಗಳು ತಾವಾಗಿ ಮಾಹಿತಿ ನೀಡುವ ಏರ್ಪಾಡು, ಕೊಡದವರಿಗೆ ದಂಡವಿಲ್ಲ. ಹೊಲಕ್ಕೆ ಬೇಲಿ ಇನ್ನೂ ಹಾಕಿಲ್ಲ, ಗಡಿಕಲ್ಲು ನೆಟ್ಟಾಗಿದೆ ಎನ್ನಬಹುದು.

ಹೊರದೇಶಗಳಲ್ಲಿ ಇದು ಕಾನೂನಾಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲಿ ಕಾರುಗಳಿಗೆ ಇಂತಹ ಕಾಯ್ದೆ ಮಾಡಿತು. ಕೃಷಿ ಯಂತ್ರಗಳಿಗಾಗಿ ಆ ದೇಶದಲ್ಲಿ ಮೊದಲು ಕಾಯ್ದೆ ಮಾಡಿದ್ದು ಕೊಲರಾಡೊ ರಾಜ್ಯ, 2023ರಲ್ಲಿ; ಅದು 2024ರ ಜನವರಿ 1ರಿಂದ ಜಾರಿಗೆ ಬಂದಿತು. ಬಿಡಿಭಾಗ, ಉಪಕರಣ, ಕೈಪಿಡಿ, ಯಂತ್ರದೊಳಗಿನ ಕಂಪ್ಯೂಟರಿನ ತಂತ್ರಾಂಶ ಇವನ್ನು ರೈತರಿಗೂ ಸ್ವತಂತ್ರ ಮೆಕ್ಯಾನಿಕರಿಗೂ ನ್ಯಾಯವಾದ ದರದಲ್ಲಿ ಕೊಡಬೇಕೆಂದು ಅದು ವಿಧಿಸುತ್ತದೆ. ಅಲ್ಲಿನ ರೈತರು ನೂರಾರು ಎಕರೆಯವರು. ಆದರೂ ಕೊಯ್ಲಿನ ಹೊತ್ತಿನಲ್ಲಿ ಕಂಪೆನಿಯ ಮೆಕ್ಯಾನಿಕನಿಗಾಗಿ ದಾರಿ ಕಾಯುವ ಕಷ್ಟ ನಮ್ಮದೇ.

ಇಂದೇ ನಿಮ್ಮ ಕೈಯಲ್ಲಿರುವ ಕಾಯ್ದೆ

ಪ್ರತ್ಯೇಕ ಕಾಯ್ದೆ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮಗೆ ಉಪಯುಕ್ತವಾದ ಅಂಶಗಳು ಅನೇಕ ಇವೆ.

ಒಂದು ವಸ್ತು ಕೊಳ್ಳಬೇಕಾದರೆ ಇನ್ನೊಂದು ವಸ್ತುವನ್ನೋ ಸೇವೆಯನ್ನೋ ಕಡ್ಡಾಯವಾಗಿ ಕೊಳ್ಳಬೇಕು ಎಂದು ಗಂಟು ಹಾಕುವುದನ್ನು ಈ ಕಾಯ್ದೆ ‘ನಿರ್ಬಂಧಕ ವ್ಯಾಪಾರ ಪದ್ಧತಿ’ ಎನ್ನುತ್ತದೆ. ನೆರವೇರಿಸುವ ಸಂಭವವೇ ಇಲ್ಲದ ರಿಪೇರಿಯ ಭರವಸೆ ಕೊಡುವುದು ‘ಅನುಚಿತ ವ್ಯಾಪಾರ ಪದ್ಧತಿ’. ಜಿಲ್ಲೆಯಲ್ಲಿ ಒಬ್ಬ ಮೆಕ್ಯಾನಿಕನೂ ಇಲ್ಲದೆ ‘ತಕ್ಷಣ ಸೇವೆ’ ಎಂದು ಮುದ್ರಿಸಿದ ಕಾರ್ಡು ಯಾವ ಗುಂಪಿಗೆ ಸೇರುತ್ತದೆಂದು ನೀವೇ ಯೋಚಿಸಿ. ಗ್ರಾಹಕನಿಗೆ ಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದು ‘ಸೇವಾ ನ್ಯೂನತೆ’. ಒಂದು ಕಡೆಗೆ ಮಾತ್ರ ವಾಲಿದ ಒಪ್ಪಂದವನ್ನು ‘ಅನ್ಯಾಯದ ಒಪ್ಪಂದ’ ಎಂದು ಪ್ರಶ್ನಿಸಬಹುದು. ಇದನ್ನು ಮಾತ್ರ ಜಿಲ್ಲೆಯಲ್ಲಲ್ಲ, ಬೆಂಗಳೂರಿನ ರಾಜ್ಯ ಆಯೋಗದಲ್ಲಿ ಪ್ರಶ್ನಿಸಬೇಕು.

ರೈತ ಗ್ರಾಹಕನೇ ಎಂಬ ತಕರಾರು ಬರುವುದುಂಟು. ಬೀಜ ಕೊಂಡ ರೈತರು ಗ್ರಾಹಕರೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಆಂಧ್ರದ ಬೀಜ ಪ್ರಕರಣಗಳಲ್ಲಿ ಹೇಳಿದೆ. ಯಂತ್ರದ ವಿಷಯದಲ್ಲಿ ಸ್ವಲ್ಪ ಸೂಕ್ಷ್ಮವಿದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡರೆ ಅದು ವಾಣಿಜ್ಯವಲ್ಲ. ತಾನೇ ಓಡಿಸಲು ಆಟೋರಿಕ್ಷಾ ಕೊಂಡವನು ಗ್ರಾಹಕ, ಪೂರ್ತಿಯಾಗಿ ಬೇರೆಯವರಿಂದ ಓಡಿಸಲು ಟ್ಯಾಕ್ಸಿ ಕೊಂಡವನು ಅಲ್ಲ ಎಂಬ ಅರ್ಥದಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ವಿವರಿಸಿದೆ. ಆದುದರಿಂದ ನಿಮ್ಮ ಗದ್ದೆ ಉತ್ತು, ಬಿಡುವಿನಲ್ಲಿ ನೀವೇ ಟಿಲ್ಲರ್ ಹಿಡಿದು ನೆರೆಮನೆಯ ಗದ್ದೆಯನ್ನು ಬಾಡಿಗೆಗೆ ಉತ್ತರೂ ಹೆದರಬೇಕಾದ್ದಿಲ್ಲ. ನಾಲ್ಕೈದು ಯಂತ್ರ ಇಟ್ಟು, ಚಾಲಕರನ್ನು ನೇಮಿಸಿ ಬಾಡಿಗೆ ವ್ಯವಹಾರ ಮಾಡುವವರಿಗೆ ಈ ದಾರಿ ಕಷ್ಟ. 2014-15ರಿಂದ ಹೋಬಳಿ ಮಟ್ಟದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಯಂತ್ರವನ್ನು ಬಾಡಿಗೆಗೆ ಪಡೆದವರು ಯಂತ್ರದ ಮಾಲೀಕರಲ್ಲದಿದ್ದರೂ, ಸೇವೆಯ ಗ್ರಾಹಕರು ಎಂಬುದನ್ನೂ ನೆನಪಿಡಿ.

ದೂರನ್ನು ಉಡುಪಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ಸಲ್ಲಿಸಬಹುದು. ಕಂಪೆನಿಯ ಕಚೇರಿ ಪುಣೆಯಲ್ಲಿರಲಿ, ಚೆನ್ನೈಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡುವ ಅನುಕೂಲವನ್ನು 2019ರ ಕಾಯ್ದೆ ಒದಗಿಸಿದೆ. ಯಂತ್ರಕ್ಕೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. 50 ಲಕ್ಷದವರೆಗಿನದನ್ನು ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ವಕೀಲರು ಬೇಕೇಬೇಕೆಂದಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಎದುರು ಪಕ್ಷಕ್ಕೆ ನೋಟೀಸು ತಲುಪಿದ ಮೇಲೆ ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದಲ್ಲಿ ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ಹೆಚ್ಚು ಸಮಯ ಹಿಡಿಯುವುದೂ ಉಂಟು. ಅದಕ್ಕೆ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ ದೂರು ದಾಖಲಿಸಿ. ಎಷ್ಟೋ ತಕರಾರುಗಳು ಅಲ್ಲಿಯೇ ಮುಗಿಯುತ್ತವೆ.

ಬೇರಿಂಗಿನ ಅಂಚನ್ನು ಓದುವುದು

ಹಕ್ಕು ಇದ್ದರೆ ಸಾಲದು, ರಿಪೇರಿ ಮಾಡಿಸುವ ತಿಳಿವಳಿಕೆಯೂ ಬೇಕು. ಕೃಷಿ ಯಂತ್ರದೊಳಗಿನ ಭಾಗಗಳೆಲ್ಲ ಆ ಕಂಪೆನಿಯೇ ತಯಾರಿಸಿದ್ದಲ್ಲ. ಬೇರಿಂಗ್, ಆಯಿಲ್ ಸೀಲ್, ಬೆಲ್ಟ್, ಬೋಲ್ಟು ನಟ್ಟುಗಳನ್ನು ಕಂಪೆನಿಗಳೂ ಹೊರಗಿನ ತಯಾರಕರಿಂದಲೇ ಕೊಳ್ಳುತ್ತವೆ. ಇವುಗಳಿಗೆ ಜಗತ್ತಿನಾದ್ಯಂತ ನಿಗದಿಯಾದ ಅಳತೆಗಳಿವೆ. ಕಂಪೆನಿಯ ಡಬ್ಬಿಯ ಮೇಲೆ ಉದ್ದನೆಯ ಬೇರೆ ನಂಬರು ಇರಬಹುದು. ವಸ್ತುವಿನ ಮೈಮೇಲಿರುವ ನಂಬರನ್ನೇ ನೋಡಬೇಕು.

ಉದಾಹರಣೆಗೆ 6204 ಎಂದಿದ್ದರೆ ಅದು 20 ಮಿಲಿಮೀಟರ್ ಒಳ ವ್ಯಾಸ, 47 ಮಿಲಿಮೀಟರ್ ಹೊರ ವ್ಯಾಸ, 14 ಮಿಲಿಮೀಟರ್ ದಪ್ಪದ ಬಾಲ್ ಬೇರಿಂಗ್. ಕೊನೆಯ ಎರಡು ಅಂಕೆ 04 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಅದನ್ನು ಐದರಿಂದ ಗುಣಿಸಿದರೆ ಒಳ ವ್ಯಾಸ ಸಿಗುತ್ತದೆ. ನಂಬರಿನ ಮುಂದೆ ‘2ಆರ್‌ಎಸ್’ ಎಂದಿದ್ದರೆ ಎರಡೂ ಬದಿ ರಬ್ಬರಿನ ಮುಚ್ಚಳ, ‘ಝಡ್‌ಝಡ್’ ಎಂದಿದ್ದರೆ ತಗಡಿನ ಮುಚ್ಚಳ. ಕೆಸರು ನೀರಿಗೆ ತಾಗುವಲ್ಲಿ ರಬ್ಬರಿನದು ಮೇಲು. ಎಣ್ಣೆ ತುಂಬಿದ ಗೇರ್ ಪೆಟ್ಟಿಗೆಯೊಳಗೆ ಮುಚ್ಚಳವಿಲ್ಲದ್ದೇ ಇದ್ದರೆ ಹೊಸತನ್ನೂ ಹಾಗೆಯೇ ತರಬೇಕು. ಆಯಿಲ್ ಸೀಲಿನ ಮೇಲೆ 25-40-7 ಎಂಬಂತೆ ಮೂರು ಅಂಕೆಗಳಿರುತ್ತವೆ: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಟಿಲ್ಲರಿನ ವಿ-ಬೆಲ್ಟಿನ ಮೇಲೆ ‘ಬಿ 62’ ಎಂದಿದ್ದರೆ ‘ಬಿ’ ಬೆಲ್ಟಿನ ಅಗಲದ ವರ್ಗ, 62 ಎಂಬುದು ಇಂಚಿನಲ್ಲಿ ಒಳ ಸುತ್ತಳತೆ. ಎರಡು ಮೂರು ಬೆಲ್ಟು ಜೊತೆಯಾಗಿ ಓಡುವಲ್ಲಿ ಒಂದನ್ನೇ ಬದಲಾಯಿಸಬೇಡಿ. ಹೊಸ ಬೆಲ್ಟಿನ ಮೇಲೆಯೇ ಹೊರೆ ಬಿದ್ದು ಅದು ಬೇಗ ಹಾಳಾಗುತ್ತದೆ.

ಯಂತ್ರ ಹೊಸತಿರುವಾಗಲೇ ಅದರ ಬಿಡಿಭಾಗಗಳ ಪುಸ್ತಕವನ್ನು ಕೇಳಿ ಪಡೆಯಿರಿ. ಯಾವಾಗಲಾದರೂ ಬಿಚ್ಚಿದಾಗ ಕಂಡ ನಂಬರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಊರಿನ ಸೊಸೈಟಿಯವರೋ ಸ್ವಸಹಾಯ ಸಂಘದವರೋ ಮುಂಗಾರಿಗೆ ಮೊದಲೇ ಹೆಚ್ಚು ಸವೆಯುವ ಬೇರಿಂಗು, ಸೀಲು, ಬೆಲ್ಟುಗಳನ್ನು ತರಿಸಿಟ್ಟರೆ ಆಷಾಢದ ಮಳೆಯಲ್ಲಿ ಪೇಟೆಗೆ ಓಡುವುದು ತಪ್ಪುತ್ತದೆ. ನಮ್ಮ ಕಡೆ ಕೈ ನುರಿತವರ ಕೊರತೆಯಿಲ್ಲ. ಗಂಗೊಳ್ಳಿ, ಮಲ್ಪೆ ಬಂದರುಗಳಲ್ಲಿ ಮೀನುಗಾರಿಕಾ ದೋಣಿಗಳ ಇಂಜಿನು ಬಿಚ್ಚಿ ಕಟ್ಟುವವರಿದ್ದಾರೆ. ಲೇತ್, ವೆಲ್ಡಿಂಗ್ ಅಂಗಡಿಗಳು ಪೇಟೆಗಳಲ್ಲೆಲ್ಲ ಇವೆ. ಇವರ ಕೌಶಲವನ್ನು ವಾರಂಟಿ ಕಾರ್ಡಿನ ಒಂದು ಸಾಲಿಗೆ ಹೆದರಿ ದೂರವಿಡುವುದು ಜಾಣತನವಲ್ಲ.

ಹಾಗೆಂದು ಎಲ್ಲವನ್ನೂ ಎಲ್ಲರ ಕೈಗೆ ಕೊಡಬಾರದು. ಡೀಸೆಲ್ ಪಂಪು ಮತ್ತು ಇಂಜೆಕ್ಟರನ್ನು ಅದಕ್ಕೆಂದೇ ಇರುವ ಪರೀಕ್ಷಾ ಯಂತ್ರವುಳ್ಳ ಪಂಪು ರಿಪೇರಿಯವರೇ ಮುಟ್ಟಬೇಕು. 2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಬಿಗಿಯಾದ ಹೊಗೆ ನಿಯಮ ಬಂದಿದೆ. ಇವುಗಳಲ್ಲಿ ಡೀಸೆಲ್ ಸಿಂಪಡಿಕೆಯನ್ನು ಚಿಕ್ಕ ಕಂಪ್ಯೂಟರ್ ನಿಯಂತ್ರಿಸುವುದರಿಂದ, ದೋಷ ತಿಳಿಯಲು ಸ್ಕ್ಯಾನರ್ ಬೇಕು. ಸ್ಕ್ಯಾನರಿಲ್ಲದೆ ಊಹೆಯಿಂದ ತಂತಿ ಕಿತ್ತವರು ನಷ್ಟ ಮಾಡಿಕೊಂಡದ್ದುಂಟು. ರಿಪೇರಿ ಹಕ್ಕಿನ ಕಾಯ್ದೆ ಬೇಕೆಂದು ನಾನು ಹೇಳುವುದಕ್ಕೆ ದೊಡ್ಡ ಕಾರಣವೂ ಇದೇ. ಬೇರಿಂಗಿನ ನಂಬರನ್ನು ಕಣ್ಣಿನಿಂದ ಓದಬಹುದು. ಕಂಪ್ಯೂಟರಿನ ಒಳಗಿರುವುದನ್ನು ಕಂಪೆನಿ ತೆರೆದು ತೋರಿಸದ ಹೊರತು ಕುಂದಾಪುರದ ಯಾವ ನುರಿತ ಕೈಯೂ ಓದಲಾರದು. ಇನ್ನು ಕಲಬೆರಕೆ ಬಿಡಿಭಾಗಗಳ ಕಾಟ. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇಲ್ಲದ್ದನ್ನು ಕೊಳ್ಳಬೇಡಿ. ಬಿಲ್ಲು ಪಡೆಯದೆ ಅಂಗಡಿ ಇಳಿಯಬೇಡಿ.

ವಾರಂಟಿಯ ಅವಧಿಯಲ್ಲಿ ಕೆಟ್ಟರೆ

ಮೊದಲನೆಯದಾಗಿ, ಕೊಳ್ಳುವ ಮುನ್ನವೇ ಡೀಲರರನ್ನು ಕೇಳಿ: ನಾಟಿಯ ಹೊತ್ತಿನಲ್ಲಿ ಕೆಟ್ಟರೆ ಎಷ್ಟು ಗಂಟೆಯೊಳಗೆ ಬರುತ್ತೀರಿ, ಬಿಡಿಭಾಗ ಎಲ್ಲಿ ದಾಸ್ತಾನಿದೆ, ಬಾರದಿದ್ದರೆ ಹೊರಗಿನಿಂದ ರಿಪೇರಿ ಮಾಡಿಸಬಹುದೇ? ಉತ್ತರವನ್ನು ಬಿಲ್ಲಿನ ಹಿಂಭಾಗದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಮಾರುವ ದಿನ ಇರುವ ಸೌಜನ್ಯ ಮುಂದೆ ಸಿಗುವುದು ಅಪರೂಪ. ಸಹಾಯಧನದಲ್ಲಿ ಕೊಳ್ಳುವವರೂ ಸಂಕೋಚವಿಲ್ಲದೆ ಕೇಳಿ.

ಯಂತ್ರ ನಿಂತ ಕೂಡಲೇ ಫೋನು ಮಾಡುವುದರ ಜೊತೆಗೆ ಬರಹದಲ್ಲಿಯೂ ತಿಳಿಸಬೇಕು. ಮೊಬೈಲಿನ ಸಂದೇಶವಾದರೂ ಆದೀತು, ನೋಂದಾಯಿತ ಅಂಚೆ ಇನ್ನೂ ಒಳ್ಳೆಯದು. ಹೇಳಿದ ಗಡುವಿನೊಳಗೆ ಅವರು ಬಾರದಿದ್ದರೆ, ಬಿಚ್ಚುವ ಮೊದಲು ಯಂತ್ರದ ಫೋಟೋ ತೆಗೆದು, ನುರಿತ ಮೆಕ್ಯಾನಿಕರಿಂದ ಕೆಲಸ ಮಾಡಿಸಿ, ಬಿಲ್ಲು ಪಡೆದು, ಕೆಟ್ಟ ಭಾಗವನ್ನು ಚೀಲದಲ್ಲಿ ಕಟ್ಟಿಡಿ. ಗುಜರಿಗೆ ಹಾಕಬೇಡಿ. ಹೀಗೆ ಮಾಡಿದರೆ ವಾರಂಟಿ ಖಂಡಿತ ಉಳಿಯುತ್ತದೆಂದು ನಾನು ಭರವಸೆ ಕೊಡಲಾರೆ. ಆದರೆ ಆಯೋಗದ ಮುಂದೆ ನಿಂತಾಗ ನಿಮ್ಮ ಕೈ ಬರಿದಾಗಿರುವುದಿಲ್ಲ.

ಡೀಲರರಿಗೂ ಕಂಪೆನಿಗೂ ಬರೆಯುವ ಪತ್ರ ಹೀಗಿದ್ದರೆ ಸಾಕು:

“ನಾನು ನಿಮ್ಮಿಂದ ಇಂತಹ ದಿನಾಂಕದಂದು, ಇಂತಹ ನಂಬರಿನ ಬಿಲ್ಲಿನಲ್ಲಿ, ಇಂತಹ ಇಂಜಿನ್ ನಂಬರಿನ ನಾಟಿ ಯಂತ್ರವನ್ನು ನನ್ನ ಸ್ವಂತ ಬೇಸಾಯಕ್ಕಾಗಿ ಕೊಂಡಿರುತ್ತೇನೆ. ಯಂತ್ರವು ಈ ದಿನ ಬೆಳಿಗ್ಗೆ ಇಷ್ಟು ಗಂಟೆಗೆ ಗದ್ದೆಯಲ್ಲಿ ಕೆಟ್ಟು ನಿಂತಿದೆ. ಚಾಪೆ ನೇಜಿಗೆ ಇಂದಿಗೆ 16 ದಿನವಾಗಿದ್ದು, ಇನ್ನು ಎರಡು ದಿನಗಳೊಳಗೆ ನಾಟಿಯಾಗದಿದ್ದರೆ ನನಗೆ ಬೆಳೆ ನಷ್ಟವಾಗುತ್ತದೆ. ಆದುದರಿಂದ 48 ಗಂಟೆಗಳೊಳಗೆ ರಿಪೇರಿ ಮಾಡಿಕೊಡಬೇಕು. ತಪ್ಪಿದಲ್ಲಿ ಸ್ಥಳೀಯವಾಗಿ ರಿಪೇರಿ ಮಾಡಿಸಿ, ಅದರ ಖರ್ಚು ಮತ್ತು ಬೆಳೆ ನಷ್ಟವನ್ನು ನಿಮ್ಮಿಂದ ಕೇಳುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ.”

ನೇಜಿಯ ವಯಸ್ಸನ್ನು ಬರೆಯಲು ಮರೆಯಬೇಡಿ. ಬಿತ್ತಿದ ದಿನ, ನಾಟಿಯ ದಿನ, ಕೊಯ್ದ ದಿನ, ಎರಡೂ ಭಾಗದ ಇಳುವರಿ ಇವು ನಿಮ್ಮ ಪುಸ್ತಕದಲ್ಲಿದ್ದರೆ, ತಡದಿಂದ ಎಷ್ಟು ಬೆಳೆ ಕಡಿಮೆಯಾಯಿತೆಂದು ಲೆಕ್ಕ ಹಾಕಿಕೊಡಲು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಕೇಳಬಹುದು. ಪತ್ರದ ಒಂದು ನಕಲನ್ನು ಅಂಚೆಯ ರಶೀದಿಯೊಂದಿಗೆ ಬಿಲ್ಲಿನ ಕಟ್ಟಿನಲ್ಲಿಯೇ ಇಡಿ.